ಹೃದಯದ ಆಯವ್ಯಯ

ನನಗೆ ಹೈಸ್ಕೂಲಿನಲ್ಲಿ ಭೌತವಿಜ್ಞಾನವನ್ನು ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ಊರಿನಲ್ಲಿಯೇ ನೆಲಸಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಊಟ ಮುಗಿಸಿ ಏರುದಾರಿಯಲ್ಲಿ ನಡೆದು ಹೋಗುತ್ತಿದ್ದಾಗ, ಅವರ ಎದೆಯ ನಡುವೆ ಯಾರೋ ಚಪ್ಪಡಿಯನ್ನು ಹೇರಿದಂತಾಯಿತು. ನಿಂತರು. ಎರಡು ಮೂರು ನಿಮಿಷಗಳಲ್ಲಿ ಭಾರ ಇಳಿಯಿತು. ಹತ್ತಿಪ್ಪತ್ತು ಮಾರು ನಡೆದರೆ ಮತ್ತೆ ಅದೇ ಭಾರ. ವೈದ್ಯರು ಪರೀಕ್ಷಿಸಿ ಇದು ಹೃದಯಶೂಲೆ ಎಂದರು. ಇಂಗ್ಲಿಷಿನಲ್ಲಿ ಆಂಜೈನ ಎಂದು ಕರೆಯುವುದು ಇದನ್ನೇ. ಗುಳಿಗೆಗಳನ್ನು ಬರೆದುಕೊಟ್ಟರು, ಸಿಗರೇಟನ್ನು ಬಿಟ್ಟು ದಿನವೂ ತಪ್ಪದೆ ನಡೆಯಬೇಕೆಂದು ವಿಧಿಸಿದರು. ಮೇಷ್ಟ್ರು ಎರಡನ್ನೂ ನಿಷ್ಠೆಯಿಂದ ಪಾಲಿಸಿದರು. ಜೊತೆಗೆ ಯಾರೋ ಹೇಳಿದರೆಂದು ಮತ್ತಿಮರದ ಚಕ್ಕೆಯ ಕಷಾಯವನ್ನೂ ಕುಡಿಯತೊಡಗಿದರು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ನಮ್ಮ ಮನೆಗೆ ಬಂದರು. ಮುಖದಲ್ಲಿ ಗೆಲವಿತ್ತು.

“ಏನಪ್ಪಾ, ಕೊಳವೆಯಲ್ಲಿ ದ್ರವ ಹರಿಯುವ ಪಾಠವನ್ನು ಈಗ ನೀನು ಹೇಳಿಕೊಡುವವನು. ನೀನೇ ಹೇಳು. ಆ ಏರನ್ನು ಈಗ ಎಲ್ಲಿಯೂ ನಿಲ್ಲದೆ ಹತ್ತುತ್ತೇನೆ. ಹಾಗಾದರೆ ಕೊಳವೆಯಲ್ಲಿ ಕಟ್ಟಿಕೊಂಡದ್ದು ಕರಗಿತೆಂದೇ ಅರ್ಥವಲ್ಲವೆ? ಇನ್ನು ಈ ಗುಳಿಗೆಗಳು ಏತಕ್ಕೆ?”

“ಡಾಕ್ಟರನ್ನು ಒಂದು ಮಾತು ಕೇಳಿ, ಮೇಷ್ಟ್ರೇ” ಎಂದಷ್ಟೇ ನಾನು ಹೇಳಿದೆ. ಅವರ ಪ್ರಶ್ನೆ ಭೌತವಿಜ್ಞಾನದ್ದು. ಅದಕ್ಕೆ ಉತ್ತರವೂ ಭೌತವಿಜ್ಞಾನದಲ್ಲಿತ್ತು. ಅಂದು ಅದನ್ನು ಬಿಡಿಸಿ ಹೇಳದೆ ಹೋದೆ. ಈಗ ಈ ಲೇಖನದಲ್ಲಿ ಹೇಳಲು ಯತ್ನಿಸುತ್ತೇನೆ. ಇಂತಹ ಪ್ರಶ್ನೆಯನ್ನು ಓದುಗರಲ್ಲಿ ಅನೇಕರು ತಮ್ಮ ಮನೆಗಳಲ್ಲಿಯೇ, ತಂದೆಯ ಅಥವಾ ಅಜ್ಜನ ಬಾಯಿಂದ, ಕೇಳಬೇಕಾಗಿ ಬಂದೀತು.

ಮರ ಕೊಯ್ದ ರೋಗಿ

ಹೃದಯಶೂಲೆಯನ್ನು ಸ್ಪಷ್ಟವಾಗಿ ವರ್ಣಿಸಿ ಅದಕ್ಕೆ ಹೆಸರನ್ನಿತ್ತವನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. ೧೭೬೮ರಲ್ಲಿ ಅವನು ಅಲ್ಲಿನ ವೈದ್ಯರ ಕಾಲೇಜಿನಲ್ಲಿ ಓದಿದ ಪ್ರಬಂಧ ೧೭೭೨ರಲ್ಲಿ ಅಚ್ಚಾಯಿತು. ನಡೆಯುವಾಗ, ಅದರಲ್ಲಿಯೂ ಏರನ್ನು ಹತ್ತುವಾಗ, ಊಟವಾದ ಕೂಡಲೇ ನಡೆದರೆ ಇನ್ನೂ ಹೆಚ್ಚಾಗಿ ಈ ಬೇನೆ ಕಾಣಿಸಿಕೊಳ್ಳುವುದು. ನಿಂತೊಡನೆ ಮಾಯವಾಗುವುದು ಎಂದು ಅವನು ಗುರುತಿಸಿದನು. ಎರಡೂವರೆ ಶತಮಾನಗಳ ಹಿಂದಿನ ಆ ವರ್ಣನೆ ನಮ್ಮ ಮೇಷ್ಟ್ರಿಗೆ ಅಕ್ಷರಶಃ ಹೊಂದಿತ್ತು.

ಇದಕ್ಕೆ ಚಿಕಿತ್ಸೆ ಏನೆಂಬುದು ಹೆಬರ್ಡನ್ನನಿಗೆ ತಿಳಿಯದು. ಆದರೆ ಅವನ ಬರಹದಲ್ಲಿ ಸ್ವಾರಸ್ಯವಾದ ಒಂದು ಸಂಗತಿ ಇದೆ. ಅವನ ರೋಗಿಗಳಲ್ಲಿ ಒಬ್ಬನು ದಿನವೂ ಅರ್ಧ ಗಂಟೆ ಗರಗಸದಿಂದ ಮರವನ್ನು ಕೊಯ್ಯುವ ನಿಯಮವನ್ನು ಹಾಕಿಕೊಂಡನಂತೆ. ಅವನಿಗೆ ಬೇನೆ ಬಹುಮಟ್ಟಿಗೆ ವಾಸಿಯಾಯಿತಂತೆ. ಶ್ರಮದಿಂದ ಬರುವ ನೋವು ಶ್ರಮದಿಂದಲೇ ಕಡಮೆಯಾಗುವುದು ಹೇಗೆ? ಈ ಒಗಟನ್ನು ಬಿಡಿಸಲು ಹೃದಯದ ವರಮಾನವನ್ನೂ ಖರ್ಚನ್ನೂ ಲೆಕ್ಕ ಹಾಕಬೇಕು.

ವರಮಾನ

ದೇಹಕ್ಕೆಲ್ಲ ರಕ್ತವನ್ನು ಒತ್ತಿ ಕಳುಹಿಸುವ ಹೃದಯಕ್ಕೂ ಆಹಾರ ಬೇಕು. ಅದು ಸುಮಾರು ೩೦೦ ಗ್ರಾಂ ತೂಕದ ಸ್ನಾಯುವಿನ ಚೀಲ. ನಿಮಿಷಕ್ಕೆ ೭೨ ಸಲ ಬಡಿದರೆ ದಿನವೊಂದಕ್ಕೆ ಲಕ್ಷಕ್ಕೂ ಹೆಚ್ಚು ಬಡಿತಗಳಾದವು. ಚೀಲದೊಳಗೆ ತುಂಬಿ ಹರಿಯುವ ರಕ್ತ ಆ ದಪ್ಪ ಸ್ನಾಯುವಿಗೆ ನೇರವಾಗಿ ಒದಗುವುದಿಲ್ಲ. ಮಹಾಧಮನಿಯ ಬುಡದಿಂದ ಹೊರಟು ಹೃದಯವನ್ನು ಕಿರೀಟದಂತೆ ಬಳಸಿರುವ ಕಿರಿಯ ಧಮನಿಗಳೇ ಅದಕ್ಕೆ ರಕ್ತವನ್ನೊದಗಿಸುವುವು. ಈ ಕಿರೀಟ ಧಮನಿಗಳೇ ನಾವು ಆಗಾಗ ಕೇಳುವ ಕರೋನರಿಗಳು. ವಿಶ್ರಾಂತಿಯಲ್ಲಿರುವಾಗ ಇವುಗಳಲ್ಲಿ ನಿಮಿಷಕ್ಕೆ ಸುಮಾರು ಕಾಲು ಲೀಟರು ರಕ್ತ ಹರಿಯುತ್ತದೆ.

ಇಲ್ಲಿ ಎರಡು ವಿಶೇಷಗಳಿವೆ. ವಿಶ್ರಾಂತಿಯಲ್ಲಿರುವ ಕೈಕಾಲುಗಳ ಸ್ನಾಯುಗಳು ತಮ್ಮಲ್ಲಿಗೆ ಬಂದ ರಕ್ತದಿಂದ ಆಮ್ಲಜನಕದ ಕಾಲು ಭಾಗದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತವೆ. ಕೆಲಸ ಹೆಚ್ಚಿದಾಗ ಅದೇ ರಕ್ತದಿಂದ ಇನ್ನಷ್ಟನ್ನು ಹೀರಿಕೊಳ್ಳಬಲ್ಲವು. ಹೃದಯವಾದರೋ ವಿಶ್ರಾಂತಿಯಲ್ಲಿಯೇ ಮುಕ್ಕಾಲು ಪಾಲನ್ನು ತೆಗೆದುಕೊಂಡುಬಿಡುತ್ತದೆ. ಕೂಡಿಟ್ಟ ಗಂಟೆಂಬುದು ಅದಕ್ಕಿಲ್ಲ. ಹೆಚ್ಚು ದುಡಿಯಬೇಕಾದರೆ ಹೆಚ್ಚು ರಕ್ತ ಹರಿದು ಬರಲೇಬೇಕು. ಇದು ಮೊದಲನೆಯ ವಿಶೇಷ. ಹೃದಯ ಬಿಗಿದುಕೊಂಡಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕುತ್ತದೆ. ಆದುದರಿಂದ ಎಡಹೃದಯದ ಗೋಡೆಗೆ ರಕ್ತ ಹರಿಯುವುದು ಬಹುಪಾಲು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಇದು ಎರಡನೆಯದು. ಬಡಿತ ವೇಗವಾದಷ್ಟೂ ವಿರಾಮ ಕಿರಿದಾಗುವುದು. ಖರ್ಚು ಏರಿದಾಗಲೇ ವರಮಾನದ ಹೊತ್ತು ಇಳಿಯುವುದೆಂದರೆ ಎಂತಹ ಸಂಕಟ!

ನಾಲ್ಕನೆಯ ಘಾತ

ವಯಸ್ಸು, ಹೊಗೆಸೊಪ್ಪು, ಸಿಹಿಮೂತ್ರ, ರಕ್ತದೊತ್ತಡ, ರಕ್ತದಲ್ಲಿ ಕೊಲೆಸ್ಟರಾಲಿನ ಹೆಚ್ಚಳ, ಇವುಗಳಿಂದ ಕಿರೀಟ ಧಮನಿಗಳ ಗೋಡೆಯೊಳಗೆ ಮೇದಸ್ಸಿನ ಗಡ್ಡೆಗಳು ಬೆಳೆದು ದಾರಿ ಕಿರಿದಾಗುತ್ತದೆ. ಕಿರಿದಾದ ಕೊಳವೆಯಲ್ಲಿ ಹರಿವು ಎಷ್ಟು ಕುಗ್ಗುವುದು? ಇದನ್ನು ೧೮೪೦ರ ಸುಮಾರಿಗೆ ಗಾಜಿನ ಸೂಕ್ಷ್ಮ ಕೊಳವೆಗಳಲ್ಲಿ ಅಳೆದು ತೋರಿಸಿದವನು ಫ್ರಾನ್ಸಿನ ಪ್ವಾಸೆಯ್. ನಮ್ಮ ತರಗತಿಗಳಲ್ಲಿ ಪಾಯ್ಸೆಲೆ ಎಂದು ಉಚ್ಚರಿಸುವುದು ರೂಢಿ. ಅವನು ವೈದ್ಯಶಾಸ್ತ್ರವನ್ನು ಓದಿದ್ದವನು. ರಕ್ತದ ಹರಿವನ್ನು ಅರಿಯಲೆಂದೇ ಈ ಪ್ರಯೋಗಗಳಿಗೆ ಕೈಹಾಕಿದನು. ಒತ್ತಡ, ಸ್ನಿಗ್ಧತೆ, ಉದ್ದ ಇವು ಬದಲಾಗದಿದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿರುವುದು. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಲ್ಲ, ಹದಿನಾರನೆಯ ಒಂದು ಪಾಲು!

ಹಾಗಾದರೆ ಧಮನಿ ಅರ್ಧ ಮುಚ್ಚಿದವನು ಕುಳಿತಲ್ಲಿಯೇ ಸಾಯಬೇಕಲ್ಲ? ಹಾಗಾಗುವುದಿಲ್ಲ. ಕಿರಿದಾಗಿರುವುದು ನಾಳದ ಒಂದು ತುಣುಕು ಮಾತ್ರ. ಅದರ ಮುಂದೆ ಇರುವ ಅತಿ ಸಣ್ಣ ನಾಳಗಳು ಅರಳಿಕೊಂಡು ಒಟ್ಟು ತಡೆಯನ್ನು ತಗ್ಗಿಸುತ್ತವೆ. ಹೀಗೆ ಕುಳಿತಿರುವಾಗಿನ ಹರಿವು ಮಾಮೂಲಿನಂತೆಯೇ ಉಳಿಯುತ್ತದೆ. ಆರೋಗ್ಯವಂತನಲ್ಲಿ ಈ ಅರಳುವಿಕೆ ಶ್ರಮದ ಕಾಲಕ್ಕೆಂದು ಇರುವ ಮೀಸಲು. ಅದರಿಂದ ಹರಿವು ಮೂರು ನಾಲ್ಕು ಪಟ್ಟಾಗಬಲ್ಲದು. ರೋಗಿಯಲ್ಲಿ ಆ ಮೀಸಲು ಕುಳಿತಿರುವಾಗಲೇ ವೆಚ್ಚವಾಗಿ ಹೋಗಿರುತ್ತದೆ. ಏರನ್ನು ಹತ್ತತೊಡಗಿದೊಡನೆ ಕೊರತೆ ಬೀಳುತ್ತದೆ. ಆಮ್ಲಜನಕ ಸಾಲದ ಸ್ನಾಯು ನೋವಿನಿಂದ ಕೂಗಿಕೊಳ್ಳುತ್ತದೆ.

ಖರ್ಚು

ಹೃದಯದ ಖರ್ಚನ್ನು ಅಂದಾಜು ಮಾಡಲು ಸುಲಭವಾದ ಉಪಾಯವಿದೆ. ನಿಮಿಷದ ಬಡಿತಗಳನ್ನೂ ರಕ್ತದೊತ್ತಡದ ಮೇಲಿನ ಅಂಕಿಯನ್ನೂ ಗುಣಿಸಬೇಕು. ಆಮ್ಲಜನಕದ ಬೇಡಿಕೆ ಹೆಚ್ಚುಕಡಮೆ ಈ ಗುಣಲಬ್ಧವನ್ನು ಅನುಸರಿಸಿ ಏರಿಳಿಯುತ್ತದೆ. ಸ್ಥಿರವಾದ ಹೃದಯಶೂಲೆಯುಳ್ಳ ಒಬ್ಬ ರೋಗಿಗೆ ನೋವು ಬಹುಮಟ್ಟಿಗೆ ಒಂದೇ ಗುಣಲಬ್ಧದಲ್ಲಿ ಕಾಣಿಸಿಕೊಳ್ಳುವುದನ್ನು ವೈದ್ಯರು ಕಂಡುಕೊಂಡಿದ್ದಾರೆ. ಅದು ಅವನ ವರಮಾನದ ಮಿತಿ.

ಉದಾಹರಣೆಗೆ, ಒಬ್ಬರ ಮಿತಿ ೧೮,೦೦೦ ಎಂದಿಟ್ಟುಕೊಳ್ಳೋಣ. ಏರು ಹತ್ತುವಾಗ ಬಡಿತ ೧೨೦, ಒತ್ತಡ ೧೬೦ ಆದರೆ ಗುಣಲಬ್ಧ ೧೯,೨೦೦. ಮಿತಿ ಮೀರಿತು, ನೋವು ಬಂದಿತು. ಕೆಲವು ತಿಂಗಳು ನಡೆದು ಪಳಗಿದ ಮೇಲೆ ಅದೇ ಏರಿನಲ್ಲಿ ಬಡಿತ ೧೦೦, ಒತ್ತಡ ೧೫೦ ಆಗಿದೆ. ಗುಣಲಬ್ಧ ೧೫,೦೦೦. ನೋವಿಲ್ಲ. ಆದರೆ ಧಮನಿಯೊಳಗಿನ ಗಡ್ಡೆ ಇದ್ದಲ್ಲಿಯೇ ಇದೆ! ವರಮಾನ ಹೆಚ್ಚಿದ್ದರಿಂದ ಸಂಸಾರ ಸರಿಹೋಯಿತೆಂದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ದೇಹ ಕಲಿತುಕೊಂಡಿತು.

ಹೆಬರ್ಡನ್ನನ ಒಗಟಿಗೂ ಮೇಷ್ಟ್ರ ಪ್ರಶ್ನೆಗೂ ಮುಖ್ಯವಾದ ಉತ್ತರವಿದು. ಅಭ್ಯಾಸದಿಂದ ಕಾಲಿನ ಸ್ನಾಯುಗಳು ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಲು ಕಲಿಯುತ್ತವೆ. ಅಷ್ಟೇ ಕೆಲಸಕ್ಕೆ ಹೃದಯ ನಿಧಾನವಾಗಿ ಬಡಿದರೂ ಸಾಲುತ್ತದೆ. ನಿಧಾನವಾದ ಬಡಿತದಿಂದ ವಿರಾಮದ ಹೊತ್ತು ಹೆಚ್ಚಿ ವರಮಾನಕ್ಕೂ ಸ್ವಲ್ಪ ಅನುಕೂಲವಾಗುತ್ತದೆ.

ವರಮಾನದ ಕಡೆಗೆ ಇನ್ನೊಂದು ಲಾಭವೂ ಉಂಟು. ರಕ್ತ ರಭಸದಿಂದ ಹರಿದು ನಾಳದ ಒಳಪೊರೆಯನ್ನು ಸವರಿದಾಗ ಆ ಪೊರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದು ನಾಳದ ಗೋಡೆಯನ್ನು ಸಡಿಲಿಸುತ್ತದೆ. ದಿನವೂ ನಡೆಯುವವರಲ್ಲಿ ಈ ಗುಣ ಚುರುಕಾಗುವುದು. ಇದನ್ನು ಬೆಳಕಿಗೆ ತಂದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾಡ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದರಲ್ಲಿ ಒಂದು ವಿನೋದವಿದೆ. ೧೮೭೯ರಲ್ಲಿ ಇಂಗ್ಲೆಂಡಿನ ವಿಲಿಯಂ ಮರೆಲ್ ಹೃದಯಶೂಲೆಗೆ ನೈಟ್ರೊಗ್ಲಿಸರಿನನ್ನು ಬಳಸಿ ವರದಿ ಮಾಡಿದನು. ಇಂದಿಗೂ ನಾಲಗೆಯ ಕೆಳಗೆ ಇಡುವ ಗುಳಿಗೆ ಅದೇ. ದೇಹದಲ್ಲಿ ಅದರಿಂದ ಹೊರಡುವುದೂ ಇದೇ ಅನಿಲ. ನೈಟ್ರೊಗ್ಲಿಸರಿನಿನಿಂದ ಡೈನಮೈಟನ್ನು ಮಾಡಿ ಐಶ್ವರ್ಯವಂತನಾದ ಆಲ್ಫ್ರೆಡ್ ನೊಬೆಲ್ಲನಿಗೆ ಕೊನೆಗಾಲದಲ್ಲಿ ಹೃದಯಶೂಲೆ ಬಂದಾಗ ವೈದ್ಯರು ಅದನ್ನೇ ಔಷಧವಾಗಿ ವಿಧಿಸಿದರು!

ನಡಿಗೆಗೆ ಸಾಕ್ಷ್ಯ

ತರ್ಕ ಎಷ್ಟು ಸೊಗಸಾಗಿದ್ದರೂ ಪರೀಕ್ಷೆಗೆ ನಿಲ್ಲಬೇಕು. ೧೯೫೩ರಲ್ಲಿ ಜೆರಿ ಮಾರಿಸ್ ಮತ್ತು ಸಹೋದ್ಯೋಗಿಗಳು ಲಂಡನ್ನಿನ ಬಸ್ ನೌಕರರನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಡ್ರೈವರುಗಳಲ್ಲಿ ಕಿರೀಟ ಧಮನಿಗಳ ರೋಗ ಹೆಚ್ಚಾಗಿ ಕಂಡಿತು. ಆದರೆ ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ನೌಕರರ ಸಮವಸ್ತ್ರಗಳ ಅಳತೆಯನ್ನು ತೆಗೆಸಿ ನೋಡಿದನು. ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪವಾಗಿದ್ದುದು ತಿಳಿಯಿತು. ಹಾಗಾದರೆ ವ್ಯತ್ಯಾಸವೆಲ್ಲವೂ ಮೆಟ್ಟಿಲುಗಳ ಫಲವೆನ್ನುವಂತಿಲ್ಲ. ತನ್ನ ವಾದಕ್ಕೆ ತಾನೇ ಆಕ್ಷೇಪವನ್ನು ಹುಡುಕಿದ ಈ ಪ್ರಾಮಾಣಿಕತೆ ವಿದ್ಯಾರ್ಥಿಗಳಿಗೆ ಮೇಲ್ಪಂಕ್ತಿಯಾಗುವಂತಹುದು.

ಇನ್ನೂ ನೇರವಾದ ಪರೀಕ್ಷೆ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾಯಿತು. ಸ್ಥಿರವಾದ ರೋಗವುಳ್ಳ ೧೦೧ ಜನ ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಧಮನಿಯನ್ನು ಹಿಗ್ಗಿಸಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಕೂಡಿಸಿದರು. ಇನ್ನೊಂದು ಗುಂಪಿನವರು ಮನೆಯಲ್ಲಿ ದಿನಕ್ಕೆ ೨೦ ನಿಮಿಷ ನಿಂತ ಸೈಕಲನ್ನು ತುಳಿದರು. ವರ್ಷದ ಕೊನೆಗೆ ಹೃದಯದ ಅವಘಡಗಳಿಲ್ಲದೆ ಉಳಿದವರು ಮೊದಲನೆಯ ಗುಂಪಿನಲ್ಲಿ ಶೇಕಡಾ ೭೦, ಸೈಕಲ್ ತುಳಿದವರಲ್ಲಿ ಶೇಕಡಾ ೮೮. ಪ್ರಯೋಗ ಚಿಕ್ಕದು, ಆಯ್ದ ರೋಗಿಗಳ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದುದು, ಔಷಧಿಗಳನ್ನು ಯಾರೂ ಬಿಟ್ಟಿರಲಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಹೊಗೆ, ಊಟ, ಕೋಪ

ಆಯವ್ಯಯದ ಈ ಲೆಕ್ಕ ಕೈಗೆ ಬಂದಮೇಲೆ ಹಿರಿಯರ ಎಷ್ಟೋ ಹಿತವಚನಗಳಿಗೆ ಕಾರಣ ತಾನಾಗಿ ಹೊಳೆಯುವುದು. ಬೀಡಿ ಸಿಗರೇಟುಗಳ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ರಕ್ತದ ಹೀಮೊಗ್ಲೋಬಿನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಿಗಿಯಿಂದ ಅಂಟಿಕೊಂಡು ವರಮಾನವನ್ನು ಕಡಿಯುತ್ತದೆ. ನಿಕೋಟಿನ್ ಬಡಿತವನ್ನೂ ಒತ್ತಡವನ್ನೂ ಏರಿಸಿ ಖರ್ಚನ್ನು ಬೆಳೆಸುತ್ತದೆ. ಎರಡು ಬದಿಯಿಂದಲೂ ಸುಲಿಗೆ. ಹೊಟ್ಟೆ ಬಿರಿಯ ಉಂಡಾಗ ಜೀರ್ಣಾಂಗಗಳಿಗೆ ಹೆಚ್ಚು ರಕ್ತವನ್ನು ಕಳುಹಿಸಬೇಕಾಗಿ ಹೃದಯದ ದುಡಿಮೆ ಏರುತ್ತದೆ. ಊಟವಾದೊಡನೆ ಏರು ಹತ್ತಬಾರದೆಂಬುದು ಇದರಿಂದ. ಚಳಿಯಲ್ಲಿ ಚರ್ಮದ ನಾಳಗಳು ಮುದುಡಿ ಒತ್ತಡ ಏರುತ್ತದೆ. ಉಪ್ಪು ಮಿತಿ ಮೀರಿದರೂ ಒತ್ತಡ ಏರುವುದು. ದಿನಕ್ಕೆ ೫ ಗ್ರಾಮಿಗಿಂತ ಕಡಮೆ, ಎಂದರೆ ಒಂದು ಚಹಾ ಚಮಚೆಗೆ ಮೀರದಷ್ಟು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಇದರಲ್ಲಿಯೇ ಸೇರಬೇಕು.

ಕೋಪಕ್ಕೂ ಬೆಲೆ ತೆರಬೇಕಾಗುತ್ತದೆ. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಜಾನ್ ಹಂಟರನಿಗೆ ಹೃದಯಶೂಲೆಯಿತ್ತು. ತನ್ನನ್ನು ಕೆರಳಿಸುವ ಯಾವ ತುಂಟನ ಕೈಯಲ್ಲಿಯಾದರೂ ತನ್ನ ಪ್ರಾಣವಿದೆಯೆಂದು ಅವನು ಹೇಳುತ್ತಿದ್ದನಂತೆ. ೧೭೯೩ರಲ್ಲಿ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದ ನಡೆದು, ಅವನು ಅಲ್ಲಿಯೇ ಕುಸಿದು ತೀರಿಕೊಂಡನು.

ಪಥ್ಯದಿಂದ ಗಡ್ಡೆ ಕರಗುವುದೆ?

ಅಮೆರಿಕದ ಡೀನ್ ಆರ್ನಿಷ್ ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನೋಡಬೇಕು. ಜಿಡ್ಡು ಅತಿ ಕಡಮೆಯಿರುವ ಸಸ್ಯಾಹಾರ, ಧೂಮಪಾನತ್ಯಾಗ, ನಡಿಗೆ, ಮನಸ್ಸನ್ನು ಶಾಂತಗೊಳಿಸುವ ಅಭ್ಯಾಸ, ಇಷ್ಟನ್ನೂ ಕಟ್ಟುನಿಟ್ಟಾಗಿ ನಡೆಸಿದವರಲ್ಲಿ ವರ್ಷದೊಳಗೆ ಶೂಲೆಯ ಸರದಿಗಳು ಶೇಕಡಾ ೯೧ರಷ್ಟು ಕಡಮೆಯಾದವು. ಧಮನಿಗಳ ಸಂಕೋಚವಾದರೋ ಸರಾಸರಿ ವ್ಯಾಸದ ಶೇಕಡಾ ೪೦ರಿಂದ ೩೭.೮ಕ್ಕೆ ಮಾತ್ರ ಇಳಿಯಿತು. ತೆರವಾದ ದಾರಿ ೬೦ರಿಂದ ೬೨.೨ ಆಯಿತು, ನಾಲ್ಕನೆಯ ಘಾತಕ್ಕೆ ಏರಿಸಿದರೆ ಹರಿವಿನಲ್ಲಿ ಹೆಚ್ಚೆಂದರೆ ಶೇಕಡಾ ೧೫ರ ಲಾಭ. ಅದು ಉಪೇಕ್ಷಿಸತಕ್ಕುದಲ್ಲ, ಆದರೆ ನೋವು ಅಷ್ಟೊಂದು ಇಳಿದುದಕ್ಕೆ ಅದೊಂದೇ ಸಾಲದು. ಉಳಿದುದು ಖರ್ಚಿನ ಉಳಿತಾಯದಿಂದಲೂ ನಾಳಗಳು ಮೆದುವಾದುದರಿಂದಲೂ ಬಂದಿರಬೇಕು. ಇಲ್ಲಿ ಪರೀಕ್ಷಿಸಿದವರು ಕೇವಲ ನಾಲ್ವತ್ತೆಂಟು ಜನ. ನೋವು ಹೋಯಿತೆಂಬುದೂ ಗಡ್ಡೆ ಹೋಯಿತೆಂಬುದೂ ಒಂದೇ ಅಲ್ಲವೆನ್ನಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕಷಾಯವೂ ತಕ್ಕಡಿಯೂ

ಮೇಷ್ಟ್ರು ಕುಡಿದ ಕಷಾಯ ಹೊಳೆಮತ್ತಿಯದು. ಸಂಸ್ಕೃತದಲ್ಲಿ ಅರ್ಜುನವೆಂದು ಹೆಸರಾದ ಈ ಮರ ಕಾವೇರಿಯ ದಡದಲ್ಲಿ ಬೆಳ್ಳನೆಯ ತೊಗಟೆಯೊಡನೆ ಎದ್ದು ಕಾಣುವುದನ್ನು ಅನೇಕರು ನೋಡಿರಬಹುದು. ಆಯುರ್ವೇದದಲ್ಲಿ ಹೃದ್ರೋಗಕ್ಕೆ ಇದರ ಚಕ್ಕೆ ಪ್ರಸಿದ್ಧ. ೨೦೦೨ರಲ್ಲಿ ಪ್ರಕಟವಾದ ಭಾರತದ ಒಂದು ಪ್ರಯೋಗದಲ್ಲಿ, ಸ್ಥಿರ ಹೃದಯಶೂಲೆಯ ೫೮ ಜನ ಪುರುಷರು ಹುಸಿಗುಳಿಗೆಯನ್ನು ನುಂಗಿದಾಗಿಗಿಂತ ಅರ್ಜುನದ ಸಾರವನ್ನು ಸೇವಿಸಿದಾಗ ಹೆಚ್ಚು ಹೊತ್ತು ಶ್ರಮಪಡಬಲ್ಲವರಾಗಿದ್ದರು. ಆಸಕ್ತಿಯನ್ನು ಕೆರಳಿಸುವ ಫಲಿತಾಂಶ. ಆದರೆ ಅಲ್ಲಿ ಒಂದೊಂದು ಔಷಧಿಯನ್ನೂ ಕೊಟ್ಟುದು ಒಂದೊಂದು ವಾರ. ಹೃದಯಾಘಾತವನ್ನು ಅದು ತಡೆಯುವುದೆಂದು ಇದರಿಂದ ಹೇಳಲಾಗದು.

ಹುಸಿಗುಳಿಗೆಯೊಡನೆ ಹೋಲಿಸುವ ಹಟವೇಕೆಂದು ಕೆಲವರು ಕೇಳಬಹುದು. ೧೯೫೦ರ ದಶಕದಲ್ಲಿ ಎದೆಯ ಒಂದು ಧಮನಿಯನ್ನು ಕಟ್ಟಿದರೆ ಹೃದಯಕ್ಕೆ ಹೆಚ್ಚು ರಕ್ತ ಹೋಗುವುದೆಂದು ನಂಬಿ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ರೋಗಿಗಳು ನೋವು ಇಳಿಯಿತೆಂದು ಹರ್ಷಿಸುತ್ತಿದ್ದರು. ೧೯೫೯ರಲ್ಲಿ ಅಮೆರಿಕದ ವೈದ್ಯರು ೧೭ ರೋಗಿಗಳಲ್ಲಿ ಕೆಲವರಿಗೆ ನಿಜವಾಗಿ ಧಮನಿಯನ್ನು ಕಟ್ಟಿ, ಉಳಿದವರಿಗೆ ಚರ್ಮವನ್ನು ಕೊಯ್ದು ಹೊಲಿದು ಸುಮ್ಮನಾದರು. ಇಬ್ಬರಿಗೂ ಒಂದೇ ಬಗೆಯ ಗುಣ ಕಂಡಿತು! ಸ್ಟೆಂಟಿಗೂ ಇಂತಹ ಪರೀಕ್ಷೆ ತಪ್ಪಲಿಲ್ಲ. ೨೦೧೭ರಲ್ಲಿ ಬ್ರಿಟನ್ನಿನ ೨೦೦ ರೋಗಿಗಳಲ್ಲಿ, ಔಷಧಿಗಳನ್ನು ಚೆನ್ನಾಗಿ ಕೊಟ್ಟ ಮೇಲೆ, ನಿಜವಾದ ಸ್ಟೆಂಟಿಗೂ ತೋರಿಕೆಯ ಚಿಕಿತ್ಸೆಗೂ ಶ್ರಮಶಕ್ತಿಯಲ್ಲಿ ಗಣನೀಯವಾದ ಭೇದ ಕಾಣಲಿಲ್ಲ. ಶೂಲೆಯ ಔಷಧಿಗಳನ್ನು ನಿಲ್ಲಿಸಿ ಮಾಡಿದ ೨೦೨೩ರ ಪರೀಕ್ಷೆಯಲ್ಲಿ ಸ್ಟೆಂಟು ನೋವನ್ನು ತಗ್ಗಿಸಿದುದು ಕಂಡಿತು. ಎದೆನೋವು ಭರವಸೆಗೂ ಇಳಿಯುವ ವಸ್ತು. ಆದುದರಿಂದ ನಿಸರ್ಗದ ಔಷಧಿಯಾಗಲಿ ಕಾರ್ಖಾನೆಯದಾಗಲಿ ಒಂದೇ ತಕ್ಕಡಿಯಲ್ಲಿ ತೂಗಬೇಕು. ಇ ಜೀವಸತ್ವವನ್ನು ಒಂಬತ್ತು ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಪರೀಕ್ಷಿಸಿದಾಗ ಹೃದಯಕ್ಕೆ ಪ್ರಯೋಜನವಿಲ್ಲವೆಂದು ೨೦೦೦ದಲ್ಲಿ ತಿಳಿದುಬಂದಿತು. ಕೊಲೆಸ್ಟರಾಲನ್ನು ಇಳಿಸುವ ಸ್ಟಾಟಿನ್ ಗುಳಿಗೆಗಳ ಮೂಲವಾದರೋ ಜಪಾನಿನ ಅಕಿರಾ ಎಂಡೊ ೧೯೭೦ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದ ಪದಾರ್ಥ. ನಿಸರ್ಗದ್ದು ಯಾವುದು, ಅಲ್ಲದ್ದು ಯಾವುದು ಎಂಬ ಗೆರೆ ನಾವು ತಿಳಿದಷ್ಟು ನೇರವಾಗಿಲ್ಲ.

ಮೇಷ್ಟ್ರ ತಪ್ಪು, ನನ್ನ ತಪ್ಪು

ಮೇಷ್ಟ್ರು ವೈದ್ಯರನ್ನು ಕೇಳಲಿಲ್ಲ. ಗುಳಿಗೆಗಳನ್ನು ನಿಲ್ಲಿಸಿದರು. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಮಲಗಿದ್ದಂತೆಯೇ ಎದೆಯ ಭಾರ ಬಂದು, ಈ ಸಲ ಇಳಿಯಲೇ ಇಲ್ಲ. ವಾಯುವಿರಬೇಕೆಂದು ಓಮದ ನೀರನ್ನು ಕುಡಿದು ಬೆಳಗಾಗುವವರೆಗೆ ಕಾದರು. ಪ್ರಾಣವೇನೋ ಉಳಿಯಿತು, ಆದರೆ ಹೃದಯದ ಸ್ನಾಯುವಿನ ಒಂದು ಪಾಲು ಸತ್ತುಹೋಗಿತ್ತು. ಏರನ್ನು ನಿಲ್ಲದೆ ಹತ್ತುತ್ತಿದ್ದವರು ಈಗ ಬೀದಿಯ ಕೊನೆಯವರೆಗೆ ಹೋಗಿ ಹಿಂತಿರುಗುತ್ತಾರೆ.

ಹೃದಯಾಘಾತ ಬರುವುದು ಸಾಮಾನ್ಯವಾಗಿ ಗಡ್ಡೆ ಮೆಲ್ಲಗೆ ಬೆಳೆದು ದಾರಿ ಮುಚ್ಚುವುದರಿಂದಲ್ಲ. ಗಡ್ಡೆಯ ಮೇಲ್ಪೊರೆ ಇದ್ದಕ್ಕಿದ್ದಂತೆ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ. ನೋವನ್ನೇ ಕೊಡದ ಸಣ್ಣ ಗಡ್ಡೆಯೂ ಬಿರಿಯಬಹುದು. ಹೆಪ್ಪನ್ನು ತಡೆಯುವ ಆಸ್ಪಿರಿನ್, ಗಡ್ಡೆಯನ್ನು ಗಟ್ಟಿಗೊಳಿಸುವ ಸ್ಟಾಟಿನ್, ಇವನ್ನು ವೈದ್ಯರು ಕೊಡುವುದು ಈ ಅಪಾಯಕ್ಕಾಗಿ. ನೋವು ಹೋಯಿತೆಂದು ಅವನ್ನು ಬಿಡುವುದು, ಮಳೆ ನಿಂತಿತೆಂದು ಮನೆಯ ಹೆಂಚುಗಳನ್ನು ಇಳಿಸಿದಂತೆ.

ಆದುದರಿಂದ ಮನೆಯಲ್ಲಿ ಹಿರಿಯರಿಗೆ ಹೃದಯಶೂಲೆ ಇದ್ದರೆ ವಿದ್ಯಾರ್ಥಿಗಳು ಎರಡು ಮಾತುಗಳನ್ನು ತಿಳಿದಿರಬೇಕು. ವೈದ್ಯರ ಒಪ್ಪಿಗೆ ಪಡೆದು, ಮೊದಲು ನಿಧಾನವಾಗಿ ಆರಂಭಿಸಿ, ಅವರೊಡನೆ ದಿನವೂ ನಡೆಯಿರಿ. ಅದಕ್ಕಿಂತ ಒಳ್ಳೆಯ ನೈಸರ್ಗಿಕ ಚಿಕಿತ್ಸೆ ಇಲ್ಲ. ಆದರೆ ಗುಳಿಗೆಗಳನ್ನು ಅವರಷ್ಟಕ್ಕೆ ಬಿಡಗೊಡಬೇಡಿ. ನೋವು ಹೊಸದಾಗಿ ಕಾಣಿಸಿಕೊಂಡರೆ, ಮೊದಲಿಗಿಂತ ಅಲ್ಪ ಶ್ರಮಕ್ಕೇ ಬಂದರೆ, ಕುಳಿತಿರುವಾಗ ಬಂದರೆ, ಐದು ನಿಮಿಷ ಕುಳಿತರೂ ಇಳಿಯದಿದ್ದರೆ, ತೋಳಿಗೋ ದವಡೆಗೋ ಹರಡಿ ಬೆವರು ಕಿತ್ತುಬಂದರೆ, ಕಷಾಯ ಕಾಯಿಸುತ್ತ ಕೂರುವ ಹೊತ್ತು ಅದಲ್ಲ. ಹೆಂಗಸರಲ್ಲಿಯೂ ಸಿಹಿಮೂತ್ರದವರಲ್ಲಿಯೂ ಕೆಲವೊಮ್ಮೆ ನೋವಿಲ್ಲದೆ ಏದುಸಿರು, ವಿಪರೀತ ಸುಸ್ತು ಮಾತ್ರ ಇರಬಹುದು. ಕೂಡಲೇ ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ, ಆರೋಗ್ಯವಂತರಾದ ಓದುಗರು ತಮ್ಮ ಮೇಲೆಯೇ ಮಾಡಬಹುದಾದ ಒಂದು ಪ್ರಯೋಗ. ಕುಳಿತು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಕಾಲೇಜಿನ ಎರಡು ಅಂತಸ್ತುಗಳನ್ನು ಒಂದೇ ವೇಗದಲ್ಲಿ ಹತ್ತಿ ಕೂಡಲೇ ಮತ್ತೆ ಎಣಿಸಿ. ಎರಡು ತಿಂಗಳು ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದು, ಅದೇ ಮೆಟ್ಟಿಲನ್ನು ಅದೇ ವೇಗದಲ್ಲಿ ಹತ್ತಿ, ಎರಡನೆಯ ಅಂಕಿಯನ್ನು ಹೋಲಿಸಿ ನೋಡಿ. ಕಡಮೆಯಾಗಿದ್ದರೆ, ಮರ ಕೊಯ್ದ ಆ ರೋಗಿಯ ಹೃದಯದಲ್ಲಿ ಏನು ನಡೆದಿರಬೇಕೆಂಬುದು ನಿಮಗೆ ಮನವರಿಕೆಯಾಗುವುದು. ಮೇಷ್ಟ್ರು ಈಗ ಬೀದಿಯ ಕೊನೆಯವರೆಗೆ ನಡೆದು ಬಂದು ಜಗಲಿಯ ಮೇಲೆ ಕುಳಿತು ಹೀಗೆಯೇ ನಾಡಿಯನ್ನು ಎಣಿಸಿ ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಅವರ ಗುಳಿಗೆಗಳ ಡಬ್ಬಿಯೂ ಅದರ ಪಕ್ಕದಲ್ಲಿಯೇ ಇರುತ್ತದೆ.